ಯಾವ ಶೈಲಿ ಸರಿ ಅಂತ ಕೇಳುವ ಮೊದಲು ಎಸೆತ ಎಣಿಸಿ

ಮಗನಿಗೆ 13 ವರ್ಷ, ಶಾಲೆಯ ಬೇಸ್‌ಬಾಲ್ ತಂಡದ ಪಿಚರ್ (ಬ್ಯಾಟರನಿಗೆ ಚೆಂಡು ಎಸೆಯುವವನು), ಪಂದ್ಯದ ಮರುದಿನ ಮೊಣಕೈಯ ಒಳಬದಿ ನೋಯುತ್ತದೆ. ಮಾಸ್ಟ್ರು ಕೈ ಇನ್ನೂ ಮೇಲಿನಿಂದ ಬರಲಿ ಅನ್ನುತ್ತಾರೆ, ವಿಡಿಯೋ ನೋಡಿದ ನೆಂಟರು ಪಕ್ಕದಿಂದ ಎಸೆದರೆ ಹಗುರ ಅನ್ನುತ್ತಾರೆ, ಯಾವುದು ಸರಿ ಎಂದು ಕೇಳಿದ್ದೀರಿ. ಮಾರಾಯರೇ, ಈಗ ಎರಡೂ ಬೇಡ. ನೋವಿರುವ ಕೈಯ ಶೈಲಿ ತಿದ್ದಲಿಕ್ಕೆ ಹೋಗಬಾರದು. ಮೊದಲು ಎಸೆತ ನಿಲ್ಲಬೇಕು.

ಕುಂಬಳೆ ಕಡೆಯ ಒಂದು ತಂಡದಲ್ಲಿ ಇದೇ ಪ್ರಾಯದ, ಇದೇ ನೋವಿನ ಹುಡುಗನಿದ್ದ. ಚಂದದ ಎಸೆತ ಅವನದ್ದು. ನಾವು ದೊಡ್ಡವರು ಅವನ ಮೊಣಕೈ ಎಷ್ಟು ಎತ್ತರದಲ್ಲಿರಬೇಕು ಎಂದು ಚರ್ಚೆ ಮಾಡುತ್ತಾ ಇದ್ದೆವು. ಅವನ ಕೈ ಕೆಡಿಸಿದ್ದು ಬೇರೆಯೇ ಒಂದು ಸಂಗತಿ. ಪಿಚಿಂಗ್ ಮುಗಿದ ಕೂಡಲೇ ಅವನನ್ನು ಕ್ಯಾಚರ್ ಆಗಿ, ಅಂದರೆ ಬ್ಯಾಟರನ ಹಿಂದೆ ಕೂತು ಚೆಂಡು ಹಿಡಿಯುವವನಾಗಿ, ಕೂರಿಸುತ್ತಿದ್ದರು. ಚೆಂಡಿಗೆ ಹೆದರದೆ ಆ ಜಾಗದಲ್ಲಿ ಕೂರುವ ಹುಡುಗ ಬೇರೆ ಯಾರೂ ಇರಲಿಲ್ಲ. ಪಿಚಿಂಗ್ ನಿಂತಿತಲ್ಲ, ಇನ್ನು ಕೈಗೆ ವಿಶ್ರಾಂತಿ ಎಂದೇ ಎಲ್ಲರ ಎಣಿಕೆ.

ಆ ಎಣಿಕೆ ಎಲ್ಲಿ ತಪ್ಪುತ್ತದೆ ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಮ್ಮ ಶಾಲಾ ತಂಡಗಳಲ್ಲಿ ಇದು ಈಗಲೂ ನಡೆಯುತ್ತಲೇ ಇದೆ. ಸ್ಕೋರ್ ಪುಸ್ತಕದಲ್ಲಿ ಹುಡುಗನ ಹೆಸರಿಗೆ 60 ಎಸೆತ ಎಂದು ಇರುತ್ತದೆ ಅಂತ ಇಟ್ಟುಕೊಳ್ಳಿ. ಪಂದ್ಯಕ್ಕೆ ಮೊದಲು ಕೈ ಬಿಸಿ ಮಾಡಲು ಎಸೆದ 30 ಅಲ್ಲಿ ಇಲ್ಲ. ಪ್ರತಿ ಇನಿಂಗ್ಸ್ (ಬೇಸ್‌ಬಾಲಿನಲ್ಲಿ ಪಂದ್ಯದ ಒಂದು ಸಣ್ಣ ಸರದಿ) ಶುರುವಾಗುವಾಗ ಎಸೆಯುವ ಎಂಟೆಂಟು, ನಾಲ್ಕು ಇನಿಂಗ್ಸಿಗೆ 32, ಅದೂ ಇಲ್ಲ. ಅಲ್ಲಿಗೇ 122 ಆಯಿತು. ಆಮೇಲೆ ಮೂರು ಇನಿಂಗ್ಸ್ ಕ್ಯಾಚರ್. ಬ್ಯಾಟಿಗೆ ತಾಗದೆ ಬಂದ ಪ್ರತಿ ಚೆಂಡನ್ನೂ ಪಿಚರನಿಗೆ ಮರಳಿಸಬೇಕು, ಇನಿಂಗ್ಸಿಗೆ 12 ಎಂದರೂ 36. ಎದುರಾಳಿ ಎರಡನೇ ಬೇಸ್ ಕದಿಯಲು (ಚೆಂಡಿಗೆ ಹೊಡೆತ ಬೀಳದಿದ್ದರೂ ಮುಂದಿನ ಬೇಸಿಗೆ ನುಗ್ಗಲು) ಓಡಿದಾಗ ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟಿನಿಂದ ಅಲ್ಲಿಗೆ 127 ಅಡಿ, ಹೆಚ್ಚುಕಮ್ಮಿ 39 ಮೀಟರ್. ಅದನ್ನು ಕುಕ್ಕರಗಾಲಿನಲ್ಲಿ ಕೂತಲ್ಲಿಂದ ಎದ್ದು, ಕಾಲು ಸೊಂಟದ ಬಲ ಸೇರಿಸಲು ಪುರುಸೊತ್ತಿಲ್ಲದೆ, ಬರೀ ತೋಳಿನಿಂದ ಎಸೆಯಬೇಕು. ಹೆಚ್ಚು ದಣಿದ ಕೈಗೆ ಅತಿ ಕಷ್ಟದ ಎಸೆತ ಬರುವುದು ಹೀಗೆ. ಇಷ್ಟಾದರೂ ಪುಸ್ತಕದಲ್ಲಿ ಕಾಣುವುದು 60 ಮಾತ್ರ.

ಅಮೆರಿಕದ ಮಕ್ಕಳ ಬೇಸ್‌ಬಾಲ್ ಸಂಸ್ಥೆ ಲಿಟಲ್ ಲೀಗ್ ಇದಕ್ಕೆ ನಿಯಮವನ್ನೇ ಮಾಡಿದೆ. 41 ಅಥವಾ ಹೆಚ್ಚು ಪಿಚ್ (ಬ್ಯಾಟರನಿಗೆ ಎಸೆಯುವ ಎಸೆತ) ಎಸೆದ ಹುಡುಗ ಆ ದಿನ ಮತ್ತೆ ಕ್ಯಾಚರ್ ಆಗುವಂತಿಲ್ಲ, ನಾಲ್ಕು ಇನಿಂಗ್ಸ್ ಕ್ಯಾಚರ್ ಆಗಿದ್ದವನು ಆ ದಿನ ಪಿಚ್ ಮಾಡುವಂತಿಲ್ಲ. ನನ್ನನ್ನು ಕೇಳಿದರೆ 13ರ ಮಕ್ಕಳಿಗೆ 41 ಎಂಬ ಗೆರೆಯೂ ಬೇಡ: ಒಂದೇ ದಿನ ಎರಡು ಕೆಲಸ ಇಲ್ಲವೇ ಇಲ್ಲ. ನಿಮ್ಮ ಮಗ ಕ್ಯಾಚರ್ ಕೂಡ ಆಗುತ್ತಾನೆಯೇ ಎಂದು ನೀವು ಬರೆದಿಲ್ಲ. ಇವತ್ತೇ ಕೇಳಿ ನೋಡಿ.

ದಣಿವಿಗೆ ನಾನು ಇಷ್ಟು ಮಹತ್ವ ಕೊಡುವುದಕ್ಕೆ ಆಧಾರ ಉಂಟು. ಅಲಬಾಮಾದ ಅಮೆರಿಕನ್ ಸ್ಪೋರ್ಟ್ಸ್ ಮೆಡಿಸಿನ್ ಇನ್‌ಸ್ಟಿಟ್ಯೂಟಿನವರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊಣಕೈ ಅಥವಾ ಭುಜದ ಶಸ್ತ್ರಚಿಕಿತ್ಸೆಯಾದ ಹದಿಹರೆಯದ ಪಿಚರುಗಳನ್ನು ಗಾಯವಾಗದವರ ಜೊತೆ ಹೋಲಿಸಿದರು. ವರ್ಷದಲ್ಲಿ ಎಂಟು ತಿಂಗಳಿಗಿಂತ ಹೆಚ್ಚು ಪಿಚ್ ಮಾಡುವವರಿಗೆ ಅಪಾಯ 5 ಪಟ್ಟು, ಪಂದ್ಯಕ್ಕೆ 80 ದಾಟುವವರಿಗೆ 4 ಪಟ್ಟು. ಕೈ ಸೋತಿದ್ದರೂ ಎಸೆಯುವ ರೂಢಿ ಇದ್ದವರಿಗೆ 36 ಪಟ್ಟು.

ಮಕ್ಕಳ ಮೊಣಕೈ ದೊಡ್ಡವರ ಮೊಣಕೈ ಅಲ್ಲ. ಒಳಬದಿಯಲ್ಲಿ ಕೈಗೆ ತಾಗುವ ಉಬ್ಬು ಎಲುಬು ಇದೆಯಲ್ಲ, ಅದು ಹುಡುಗರಲ್ಲಿ ಸುಮಾರು 15ರಿಂದ 17 ವರ್ಷದವರೆಗೆ ಮುಖ್ಯ ಎಲುಬಿಗೆ ಪೂರ್ತಿ ಬೆಸೆದುಕೊಂಡಿರುವುದಿಲ್ಲ. ನಡುವೆ ಗ್ರೋತ್ ಪ್ಲೇಟ್ ಎನ್ನುವ ಮೆತ್ತಗಿನ ಪದರ ಇರುತ್ತದೆ. ತೋಳು ಪೂರ್ತಿ ಹಿಂದಕ್ಕೆ ಬಾಗಿ ಮುಂದೆ ತಿರುಗುವ ಕ್ಷಣದಲ್ಲಿ ಮೊಣಕೈಯ ಒಳಬದಿ ಬಾಯಿ ತೆರೆಯುವ ಹಾಗೆ ಎಳೆತ ಬೀಳುತ್ತದೆ. ದೊಡ್ಡವರಲ್ಲಿ ಆ ಎಳೆತಕ್ಕೆ ಅಸ್ಥಿರಜ್ಜು ಹರಿಯುತ್ತದೆ. 1974ರಲ್ಲಿ ಡಾ. ಫ್ರಾಂಕ್ ಜೋಬ್ ಪಿಚರ್ ಟಾಮಿ ಜಾನ್‌ಗೆ ಹೊಸದಾಗಿ ಕಟ್ಟಿಕೊಟ್ಟದ್ದು ಅದನ್ನೇ. ಮಕ್ಕಳಲ್ಲಿ ಹಗ್ಗ ಹರಿಯುವ ಮೊದಲೇ ದನ ಕಟ್ಟಿದ ಗೂಟ ಕಿತ್ತು ಬರುತ್ತದೆ. ಆದ್ದರಿಂದ 13ರ ಹುಡುಗನ ಒಳಬದಿ ನೋವನ್ನು ಉಳುಕು ಎಂದುಕೊಂಡು ಮುರಿವೆಣ್ಣೆ ತಿಕ್ಕಿ ಮರುವಾರ ಆಡಿಸಬಾರದು. ನೋವಿನ ಮಾತ್ರೆ ಕೊಟ್ಟು ಆಡಿಸುವುದಂತೂ ಬೇಡವೇ ಬೇಡ. ನೋವೊಂದೇ ಅವನಿಗೆ ನಿಲ್ಲು ಎಂದು ಹೇಳುವುದು, ಅದನ್ನೂ ಬಾಯಿ ಮುಚ್ಚಿಸಿದ ಹಾಗಾಗುತ್ತದೆ.

ಎಣಿಕೆಗೆ ನಾನು ಅನುಸರಿಸುವುದು ಮೇಜರ್ ಲೀಗ್ ಬೇಸ್‌ಬಾಲ್ ಮತ್ತು ಯು.ಎಸ್.ಎ. ಬೇಸ್‌ಬಾಲ್ ಸೇರಿ 2014ರಲ್ಲಿ ತಂದ ಪಿಚ್ ಸ್ಮಾರ್ಟ್ ಪಟ್ಟಿ. 13–14 ವರ್ಷಕ್ಕೆ ದಿನಕ್ಕೆ ಹೆಚ್ಚೆಂದರೆ 95 ಪಿಚ್. 20ರವರೆಗೆ ಎಸೆದರೆ ವಿಶ್ರಾಂತಿ ಕಡ್ಡಾಯವಿಲ್ಲ, 21–35ಕ್ಕೆ ಒಂದು ದಿನ, 36–50ಕ್ಕೆ ಎರಡು, 51–65ಕ್ಕೆ ಮೂರು, 66 ದಾಟಿದರೆ ನಾಲ್ಕು ದಿನ. ವರ್ಷಕ್ಕೆ 100 ಇನಿಂಗ್ಸ್ ದಾಟಬಾರದು, ಕನಿಷ್ಠ ನಾಲ್ಕು ತಿಂಗಳು ಎಸೆತವೇ ಇರಬಾರದು, ಅದರಲ್ಲಿ ಎರಡು ಮೂರು ತಿಂಗಳು ಒಟ್ಟಿಗೆ ಸಿಗಬೇಕು. 95 ಎಂಬುದನ್ನು ಗುರಿ ಎಂದು ತಿಳಿಯಬೇಡಿ. ವಾರಕ್ಕೆ ಮೂರು ದಿನವೂ ಸರಿಯಾಗಿ ಅಭ್ಯಾಸ ಸಿಗದ ನಮ್ಮ ಹುಡುಗರನ್ನು ನಾನಾದರೆ 60ರಲ್ಲಿ ಇಳಿಸುತ್ತೇನೆ. ಉಪಜಿಲ್ಲೆ, ಜಿಲ್ಲೆ ಕೂಟಗಳಲ್ಲಿ ಪಂದ್ಯಗಳು ಬೆನ್ನುಬೆನ್ನಿಗೆ ಬರುವುದರಿಂದ ತಂಡಕ್ಕೆ ಮೂವರು ಪಿಚರುಗಳಾದರೂ ಬೇಕು, ನಾಲ್ವರಿದ್ದರೆ ನೆಮ್ಮದಿ. 35 ದಾಟುವ ಮೊದಲೇ ಬದಲಿಸಿದರೆ ಒಂದು ದಿನ ಬಿಟ್ಟು ಅದೇ ಹುಡುಗ ಮತ್ತೆ ಸಿಗುತ್ತಾನೆ. ಎಣಿಸಲು ಜಪಕ್ಕೂ ದಿಕ್ರ್‌ಗೂ ಬಳಸುವ ಬೆರಳಿನ ಕೌಂಟರ್ ಸಾಕು, ಕಾಸರಗೋಡು ಪೇಟೆಯಲ್ಲಿ ಸಿಗುತ್ತದೆ. ತಂಡದ ಮಾಸ್ಟ್ರಿಗೆ ಹತ್ತು ಕೆಲಸ ಇರುತ್ತದೆ, ಕೌಂಟರ್ ಹಿಡಿಯುವ ಕೆಲಸ ನೀವೇ ವಹಿಸಿಕೊಳ್ಳಿ.

ನಮ್ಮ ಊರಿನಲ್ಲಿ ಕ್ರಿಕೆಟ್ಟನ್ನೂ ಈ ಲೆಕ್ಕಕ್ಕೆ ಸೇರಿಸಬೇಕು. ಗದ್ದೆ ಕೊಯ್ದು ಮುಗಿದರೆ ಸಾಕು, ಆದಿತ್ಯವಾರ ಬಂತೆಂದರೆ ಟೆನಿಸ್ ಬಾಲ್ ಟೂರ್ನಮೆಂಟ್. ಬೇಸ್‌ಬಾಲ್ 142ರಿಂದ 149 ಗ್ರಾಂ, ಟೆನಿಸ್ ಬಾಲ್ ಅದರ ಅರ್ಧವೂ ಇಲ್ಲ. ಹಗುರ ಚೆಂಡು ಎಂದು ಬೌಂಡರಿಯಿಂದ ಪೂರ್ತಿ ಬಲ ಹಾಕಿ ಬೀಸಿದರೆ ತೋಳು ಇನ್ನೂ ಜೋರಾಗಿ ತಿರುಗುತ್ತದೆ. ಶನಿವಾರ 60 ಪಿಚ್ ಎಸೆದವನು ಆದಿತ್ಯವಾರ ಡೀಪ್‌ನಲ್ಲಿ ಫೀಲ್ಡಿಂಗ್ ಮಾಡಿದರೆ ಅದು ವಿಶ್ರಾಂತಿಯ ದಿನ ಅಲ್ಲ. ಮಾವಿನ ಮರಕ್ಕೆ ಕಲ್ಲು ಬೀಸುವುದೂ ಎಸೆತವೇ. ಒಟ್ಟಿಗೆ ಸಿಗಬೇಕಾದ ಆ ಎರಡು ಮೂರು ತಿಂಗಳ ಬಿಡುವಿಗೆ ಮಳೆಗಾಲದಷ್ಟು ಒಳ್ಳೆಯ ಸಮಯ ನಮಗೆ ಬೇರೆ ಇಲ್ಲ. ಶಾಲಾ ಕೂಟದ ತಾರೀಖು ನೋಡಿಕೊಂಡು ಜೂನ್‌ನಿಂದ ಆಟಿ ತಿಂಗಳು ಮುಗಿಯುವವರೆಗೆ, ಅಂದರೆ ಆಗಸ್ಟ್ ನಡುವಿನವರೆಗೆ, ಓಟ, ಈಜು, ಫುಟ್‌ಬಾಲ್ ಆಡಲಿ.

ಇನ್ನು ನೀವು ಕೇಳಿದ ಶೈಲಿಯ ವಿಷಯ. ಪಕ್ಕದಿಂದ ಎಸೆದರೆ ಹಗುರ ಎಂಬ ಮಾತು ತಪ್ಪು, ಮೊಣಕೈ ಮೇಲಿನ ಎಳೆತ ಅದರಲ್ಲಿ ಹೆಚ್ಚು. ಹಾಗೆಂದು ಬಲವಂತದಿಂದ ಕೈ ಎತ್ತರಿಸುವುದೂ ಬೇಡ. ಒಂದೇ ಪರಿಪೂರ್ಣ ಶೈಲಿ ಇದೆ ಎಂದು ವಾದಿಸುವವರು ಮಾರ್ಕ್ ಪ್ರಯರ್ ಕಥೆ ನೋಡಬೇಕು. ಶಿಕಾಗೋ ಕಬ್ಸ್ ತಂಡಕ್ಕೆ 2003ರಲ್ಲಿ 18 ಪಂದ್ಯ ಗೆದ್ದುಕೊಟ್ಟಾಗ ಅವನ ಎಸೆತವನ್ನು ಕುಂದಿಲ್ಲದ್ದು ಎಂದು ಹೊಗಳಿದರು. ಭುಜ ಕೆಟ್ಟು 2006ರ ನಂತರ ದೊಡ್ಡ ಲೀಗಿನಲ್ಲಿ ಎಸೆಯಲಾಗದೆ ಹೋದಾಗ, ಮೊಣಕೈ ಭುಜಕ್ಕಿಂತ ಮೇಲೆ ಏರುವ ಅದೇ ಶೈಲಿಯೇ ಕಾರಣ ಎಂದು ವಾದ ಎಬ್ಬಿಸಿದರು.

ನಾನು ನೋಡುವುದು ಒಂದೇ ಕ್ಷಣ: ಮುಂದಿನ ಕಾಲು ನೆಲಕ್ಕೆ ಊರಿದ ಕ್ಷಣ. ಬಲಗೈ ಹುಡುಗನಾದರೆ ಮೂರನೇ ಬೇಸಿನ ಬದಿಯಲ್ಲಿ ನಿಂತು ಫೋನಿನ ಸ್ಲೋ ಮೋಷನ್‌ನಲ್ಲಿ ತೆಗೆದು, ಅಲ್ಲಿಗೆ ನಿಲ್ಲಿಸಿ. ಮೊಣಕೈ ಭುಜದ ಮಟ್ಟದಲ್ಲಿರಬೇಕು, ಅಂಗೈ ಮೊಣಕೈಗಿಂತ ಮೇಲೆ ಬಂದಿರಬೇಕು. ಕಾಲು ಊರಿದಾಗಲೂ ಚೆಂಡು ಇನ್ನೂ ಕೆಳಗೇ ಇದ್ದರೆ ಕೈ ತಡವಾಗಿದೆ, ಮೈ ತಿರುಗಿ ಹೋಗಿ ತೋಳು ಹಿಂದೆ ಎಳೆದಾಡುತ್ತದೆ. ಎದೆ ಆಗಲೇ ಬ್ಯಾಟರನ ಕಡೆ ತೆರೆದಿದ್ದರೆ ಅದೇ ತೊಂದರೆ: ಸೊಂಟ ಮೊದಲು, ಎದೆ ಆಮೇಲೆ ತಿರುಗಬೇಕು. ಊರಿದ ಪಾದ ಗುರಿಯತ್ತ, ಬೇಕಿದ್ದರೆ ತುಸು ಒಳಮುಖವಾಗಿ ಇರಲಿ. ಹೆಜ್ಜೆ ಅವನ ಎತ್ತರದ ಮುಕ್ಕಾಲು ಪಾಲಿಗಿಂತ ಕಡಿಮೆಯಾಗಬಾರದು. ಇದೇ ವಿಡಿಯೋವನ್ನು ಐದನೇ ಎಸೆತದಲ್ಲೂ ಐವತ್ತನೆಯದರಲ್ಲೂ ತೆಗೆದರೆ ದಣಿವು ಕಣ್ಣಿಗೇ ಕಾಣುತ್ತದೆ: ಮೊಣಕೈ ಇಳಿಯುತ್ತದೆ, ಬಿಡುವಾಗ ಬೆನ್ನು ನೆಟ್ಟಗಾಗುತ್ತದೆ, ಚೆಂಡು ಮೇಲೆ ಮೇಲೆ ಹೋಗುತ್ತದೆ. ಎರಡು ಪಿಚ್ ನಡುವೆ ಹುಡುಗ ಕೈ ಕೊಡವಲು ಶುರು ಮಾಡಿದರೆ ಎಣಿಕೆ ಎಷ್ಟೇ ಇರಲಿ, ಇಳಿಸಿ.

ಮೈದಾನವನ್ನೂ ನೋಡಿ. ನಮ್ಮ ಮುರಕಲ್ಲಿನ ಮೈದಾನಗಳಲ್ಲಿ ಪಿಚರ್ ನಿಲ್ಲುವ ಮಣ್ಣಿನ ದಿಬ್ಬ, ಮೌಂಡ್, ಇಲ್ಲ, ಮೇಲೆ ಸಣ್ಣ ಜಲ್ಲಿಪುಡಿ. ಮುಂದಿನ ಕಾಲು ಒಂದು ಗೇಣು ಜಾರಿದರೂ ಮೈಯ ವೇಗ ತಡೆಯುವ ಕಾಲು ಕೈಕೊಡುತ್ತದೆ, ಆ ಕೊರತೆಯನ್ನು ತೋಳು ತುಂಬುತ್ತದೆ. ಕಾಲು ಊರುವ ಜಾಗದ ಪುಡಿ ಗುಡಿಸಿ, ನೀರು ಚಿಮುಕಿಸಿ ಗಟ್ಟಿ ಮಾಡಿ. ಪಿಚರ್ ನಿಲ್ಲುವ ಗೆರೆಯಿಂದ ಹೋಮ್ ಪ್ಲೇಟಿಗಿರುವ ಅಂತರವನ್ನೂ ಅಳೆಯಿರಿ. ಲಿಟಲ್ ಲೀಗಿನಲ್ಲಿ 12 ವರ್ಷದವರಿಗೆ 46 ಅಡಿ, ದೊಡ್ಡವರಿಗೆ 60 ಅಡಿ 6 ಇಂಚು. ಅಭ್ಯಾಸಕ್ಕೆ ಸಣ್ಣವರನ್ನೂ ದೊಡ್ಡವರ ಗೆರೆಯಲ್ಲೇ ನಿಲ್ಲಿಸುವುದು ಬೇಡ. ಕರ್ವ್‌ಬಾಲ್ (ದಾರಿಯಲ್ಲಿ ಬಾಗುವ ಎಸೆತ) ಕುರಿತು ಸಂಶೋಧಕರಲ್ಲೇ ಒಮ್ಮತವಿಲ್ಲ. 13ರವನಿಗೆ ನೇರ ವೇಗದ ಎಸೆತ ಮತ್ತು ಅದೇ ಕೈಬೀಸಿನಲ್ಲಿ ನಿಧಾನಕ್ಕೆ ಬರುವ ಚೇಂಜ್‌ಅಪ್ ಎರಡೇ ಸಾಕು.

ಈಗ ಮಾಡಬೇಕಾದದ್ದು: ಎಲ್ಲ ಎಸೆತ ಬಂದ್, ಕ್ರಿಕೆಟ್ ಸೇರಿ. ಮಂಗಳೂರಿನಲ್ಲೋ ಕಾಸರಗೋಡಿನಲ್ಲೋ ಎಲುಬಿನ ಡಾಕ್ಟರಿಗೆ ತೋರಿಸಿ, ಹುಡುಗ ಪಿಚರ್ ಎಂದು ಮೊದಲೇ ಹೇಳಿ. ಎರಡೂ ಮೊಣಕೈಯ ಎಕ್ಸ್‌ರೇ ತೆಗೆಯಬೇಕೇ ಎಂದು ಕೇಳಿ. ಬೆಳೆಯುವ ಪದರ ಅಗಲವಾಗಿದೆಯೇ ಎಂಬುದು ಒಳ್ಳೆಯ ಕೈ ಪಕ್ಕದಲ್ಲಿಟ್ಟರೆ ಗೊತ್ತಾಗುತ್ತದೆ. ಎಸೆಯುವಾಗ ಟಪ್ ಎಂದದ್ದು, ಬಾವು, ಕಿರುಬೆರಳು ಉಂಗುರಬೆರಳು ಜುಮ್ಮೆನ್ನುವುದು, ಕೈ ಪೂರ್ತಿ ನೀಡಲಾಗದಿರುವುದು, ಮೊಣಕೈ ಸಿಕ್ಕಿಹಾಕಿಕೊಳ್ಳುವುದು, ನೋವು ಹೊರಬದಿಗೆ ಬಂದಿರುವುದು, ಇವುಗಳಲ್ಲಿ ಒಂದಿದ್ದರೂ ನಾಳೆಗೆ ಮುಂದೂಡಬೇಡಿ.

ಬರೀ ಪದರದ ಉರಿಯೂತವಾದರೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಪೂರ್ತಿ ವಿಶ್ರಾಂತಿ. ಡಾಕ್ಟರ್ ಒಪ್ಪಿದ ಮೇಲೆ ದಿನ ಬಿಟ್ಟು ದಿನ, 9 ಮೀಟರಿನಿಂದ ಮೆತ್ತಗೆ 25 ಎಸೆತ, ಹತ್ತು ನಿಮಿಷ ಬಿಟ್ಟು ಮತ್ತೆ 25. ಎರಡು ಸಲ ನೋವಿಲ್ಲದೆ ಮುಗಿದರೆ 14 ಮೀಟರ್, ಆಮೇಲೆ 18, ಆಮೇಲೆ 27. ನೋವು ಬಂದರೆ ಒಂದು ಮೆಟ್ಟಿಲು ಕೆಳಗೆ. ಅದಾದ ಮೇಲಷ್ಟೇ ಅರ್ಧ ವೇಗದಲ್ಲಿ 15 ಪಿಚ್. ಎಲ್ಲ ಸೇರಿ ಎರಡು ಮೂರು ತಿಂಗಳು ಹಿಡಿಯುತ್ತದೆ. ಅಷ್ಟರಲ್ಲಿ ಪಂದ್ಯ ಬಂದು, ಅವನನ್ನು ಆಡಿಸಲೇಬೇಕು ಎಂದಾದರೆ, ಎಸೆಯುವ ಕೆಲಸ ಕಡಿಮೆ ಇರುವ ಮೊದಲನೇ ಬೇಸಿನಲ್ಲಿ ನಿಲ್ಲಿಸಲು ಮಾಸ್ಟ್ರಲ್ಲಿ ಹೇಳಿ. ಅದಕ್ಕೂ ಡಾಕ್ಟರ್ ಒಪ್ಪಿಗೆ ಬೇಕು.