ಸರ್ವಿಸ್ ಆಗಿ ಓಡಿಸಿದ್ರೆ ಮಾತ್ರ ಜಾವಾಗೆ ಬೇರೆ ಆರ್ಗ್ಯುಮೆಂಟ್ ಯಾಕೆ ಹೋಗುತ್ತೆ?

ಪ್ರಶ್ನೆ: ಸರ್, ನಮ್ಮ ಜಾವಾ ಅಪ್ಲಿಕೇಶನ್‌ಗೆ ಶುರುವಾಗೋವಾಗ ಎರಡು ಆರ್ಗ್ಯುಮೆಂಟ್ (ಕಮಾಂಡ್ ಜೊತೆ ಕೊಡೋ ಮಾಹಿತಿ) ಬೇಕು. ಟರ್ಮಿನಲ್‌ನಲ್ಲಿ ಓಡಿಸಿದ್ರೆ ಸರಿಯಾಗಿ ಸಿಗುತ್ತೆ, ಸಿಸ್ಟಮ್‌ಡಿ (ಲಿನಕ್ಸ್‌ನಲ್ಲಿ ಹಿನ್ನೆಲೆಯ ಪ್ರೋಗ್ರಾಂಗಳನ್ನ ಓಡಿಸೋ ವ್ಯವಸ್ಥೆ) ಸರ್ವಿಸ್ ಮಾಡಿದ್ರೆ ಎರಡೂ ಅಂಟ್ಕೊಂಡು ಒಂದೇ ಆಗಿ ಬರುತ್ತೆ. ಹೀಪ್ (ಜಾವಾ ಬಳಸೋ ಮೆಮೊರಿ) 2 ಜಿಬಿ ಅಂತ ಕೊಟ್ಟಿದ್ರೂ 512 ಎಂಬಿ ಮಾತ್ರ ತಗೊಳ್ತಿದೆ. ಸರ್ವಿಸ್ ಫೈಲಲ್ಲಿ 512 ಅಂತ ಎಲ್ಲೂ ಬರೆದಿಲ್ಲ.

ಉತ್ತರ: ಇಲ್ಲಿ ಎರಡು ಬೇರೆ ಬೇರೆ ತೊಂದ್ರೆ ಇರೋ ಹಾಗಿದೆ. ಫೈಲ್ ನೋಡಿ ಊಹೆ ಮಾಡೋಕೆ ಮುಂಚೆ, ಓಡ್ತಿರೋ ಪ್ರೋಸೆಸ್‌ಗೆ ನಿಜವಾಗ್ಲೂ ಏನು ಹೋಗಿದೆ ಅಂತ ನೋಡ್ಕೊಳ್ಳಿ. ಪ್ರಾಕ್ ಡೈರೆಕ್ಟರಿಲಿ ನಿಮ್ಮ ಪ್ರೋಸೆಸ್ ನಂಬರಿನ ಒಳಗೆ ಸಿಎಮ್‌ಡಿಲೈನ್ ಅಂತ ಫೈಲ್ ಇರುತ್ತೆ, ಅದರಲ್ಲಿ ಆರ್ಗ್ಯುಮೆಂಟ್‌ಗಳ ಮಧ್ಯೆ ಇರೋ ನಲ್ ಅಕ್ಷರನ ಹೊಸ ಸಾಲಾಗಿ ಬದಲಾಯಿಸಿದ್ರೆ ಸಾಲಿಗೊಂದು ಆರ್ಗ್ಯುಮೆಂಟ್ ಕಾಣುತ್ತೆ. ಪಿಎಸ್ ಕಮಾಂಡ್ ಇದಕ್ಕೆ ಸಾಲಲ್ಲ, ಅದು ಮಧ್ಯೆ ಸ್ಪೇಸ್ ಹಾಕಿ ತೋರಿಸೋದ್ರಿಂದ ಒಂದೋ ಎರಡೋ ಗೊತ್ತಾಗಲ್ಲ.

ನೀವು ಎರಡೂ ಆರ್ಗ್ಯುಮೆಂಟ್‌ನ ಒಂದೇ ವೇರಿಯಬಲ್‌ನಲ್ಲಿಟ್ಟು ಸರ್ವಿಸ್ ಫೈಲಲ್ಲಿ ಬಳಸಿದ್ರೆ, ಅಂಟ್ಕೊಳ್ಳೋದಕ್ಕೆ ಬಹುತೇಕ ಕಾರಣ ಹೂಬ್ರಾಕೆಟ್. ಶೆಲ್‌ನಲ್ಲಿ (ಟರ್ಮಿನಲ್‌ನಲ್ಲಿ ಕಮಾಂಡ್ ಓದೋ ಪ್ರೋಗ್ರಾಂ) ಡಾಲರ್ ಆದ್ಮೇಲೆ ವೇರಿಯಬಲ್ ಹೆಸರನ್ನ ಬ್ರಾಕೆಟ್ ಒಳಗೆ ಬರೆದ್ರೂ ಒಂದೇ ಬಿಟ್ರೂ ಒಂದೇ, ಕೊಟೇಶನ್ ಇಲ್ಲದಿದ್ರೆ ಸ್ಪೇಸ್ ಇದ್ದ ಕಡೆ ಒಡೆಯುತ್ತೆ, ಆದ್ರೆ ಸಿಸ್ಟಮ್‌ಡಿ ಶೆಲ್ ಅಲ್ಲ, ಅದರ ಸರ್ವಿಸ್ ಫೈಲಲ್ಲಿ ಓಡಿಸಬೇಕಾದ ಕಮಾಂಡ್ ಇರೋ ಎಕ್ಸೆಕ್‌ಸ್ಟಾರ್ಟ್ ಸಾಲಲ್ಲಿ ಬ್ರಾಕೆಟ್ ಹಾಕಿದ್ರೆ ಒಳಗೆ ಎಷ್ಟು ಸ್ಪೇಸ್ ಇದ್ರೂ ಇಡೀದು ಒಂದೇ ಆರ್ಗ್ಯುಮೆಂಟ್. ವೇರಿಯಬಲ್ ಖಾಲಿ ಇದ್ರೂ ಒಂದು ಖಾಲಿ ಆರ್ಗ್ಯುಮೆಂಟ್ ಹೋಗುತ್ತೆ, ಅದು ಜಾರ್ ಆಪ್ಷನ್‌ಗಿಂತ (ಓಡಿಸಬೇಕಾದ ಜಾವಾ ಫೈಲ್ ಹೇಳೋ ಆಪ್ಷನ್) ಮುಂಚೆ ಇದ್ರೆ ಜಾವಾ ಅದನ್ನೇ ಮೇನ್ ಕ್ಲಾಸ್ ಹೆಸರು ಅಂದ್ಕೊಂಡು ಕ್ಲಾಸ್ ಸಿಗಲಿಲ್ಲ ಅಂತ ನಿಂತುಬಿಡುತ್ತೆ, ಎಷ್ಟೋ ಜನ ಇಲ್ಲಿ ದಿನಗಟ್ಟಲೆ ಒದ್ದಾಡ್ತಾರೆ. ಬ್ರಾಕೆಟ್ ತೆಗೆದು, ಬರೀ ಡಾಲರ್ ಹೆಸರನ್ನ ಬೇರೆ ಪದವಾಗಿ ಬಿಡಿಸಿ ಬರೀರಿ, ಆಗ ಒಡೆಯುತ್ತೆ.

ಹೀಪ್ ವಿಷಯಕ್ಕೆ ಪ್ರಾಕ್‌ನಲ್ಲಿ ಅದೇ ಪ್ರೋಸೆಸ್‌ನ ಎನ್ವೈರಾನ್ ಫೈಲ್ ನೋಡಿ, ಆ ಪ್ರೋಸೆಸ್‌ಗೆ ಹೋದ ವೇರಿಯಬಲ್‌ಗಳು ಅದರಲ್ಲಿರುತ್ತೆ. ಅಂಡರ್‌ಸ್ಕೋರ್‌ನಿಂದ ಶುರುವಾಗೋ ಜಾವಾ ಆಪ್ಷನ್ಸ್ ವೇರಿಯಬಲ್ ಅಲ್ಲಿದ್ರೆ ಅದೇ ಕಳ್ಳ, ಅದು ಕಮಾಂಡ್ ಲೈನ್ ಓದಿದ ಮೇಲೆ ಅನ್ವಯ ಆಗೋದ್ರಿಂದ ನಿಮ್ಮ 2 ಜಿಬಿನ ಅಳಿಸಿಹಾಕುತ್ತೆ. ಜಾವಾ ಟೂಲ್ ಆಪ್ಷನ್ಸ್ ಆಗಿದ್ರೆ ಕಮಾಂಡ್ ಲೈನೇ ಗೆಲ್ಲುತ್ತೆ. ಎರಡರಲ್ಲಿ ಯಾವುದಿದ್ರೂ ಶುರುವಲ್ಲೇ ‘ಪಿಕ್ಡ್ ಅಪ್’ ಅಂತ ಒಂದು ಸಾಲು ಬರುತ್ತೆ, ಜರ್ನಲ್‌ನಲ್ಲಿ (ಸಿಸ್ಟಮ್‌ಡಿ ಲಾಗ್) ಹುಡುಕಿ.

ಆ ವೇರಿಯಬಲ್ ಎಲ್ಲಿಂದ ಬಂತು ಅಂತ ತಿಳಿಯೋಕೆ ಸಿಸ್ಟಮ್‌ಸಿಟಿಎಲ್ ಕ್ಯಾಟ್ ಕೊಡಿ, ಯಾರೋ ಯಾವಾಗ್ಲೋ ಹಾಕಿದ ಓವರ್‌ರೈಡ್ ಫೈಲೂ ಅದರಲ್ಲಿ ಕಾಣುತ್ತೆ. ಸರ್ವಿಸ್ ವೇರಿಯಬಲ್‌ಗಳನ್ನ ಓದ್ಕೊಳ್ಳೋ ಎನ್ವೈರಾನ್‌ಮೆಂಟ್ ಫೈಲ್ ತಿದ್ದಿದ್ರೆ ರೀಸ್ಟಾರ್ಟ್ ಸಾಕು, ಸರ್ವಿಸ್ ಫೈಲ್ ತಿದ್ದಿದ್ರೆ ಮೊದ್ಲು ಡೀಮನ್ ರೀಲೋಡ್ ಮಾಡಿ, ಆಮೇಲೆ ರೀಸ್ಟಾರ್ಟ್.