ಹಳೇ ಯೆಜ್ಡಿಗೆ ಡಿಸ್ಕ್ ಬ್ರೇಕ್ ಹಾಕಿಸಬಹುದಾ?

ಪ್ರಶ್ನೆ: ಅಪ್ಪ 1984ರಲ್ಲಿ ಕೊಂಡ ಯೆಜ್ಡಿ ರೋಡ್‌ಕಿಂಗ್ ಈಗ ನನ್ನ ಕೈಗೆ ಬಂದಿದೆ. ಎಂಜಿನ್ ಚೆನ್ನಾಗಿದೆ. ಆದರೆ ಶಿರಾಡಿ ಘಾಟಿ ಇಳಿಯುವಾಗ ಮುಂದಿನ ಬ್ರೇಕ್ ಹಿಡಿಯುವುದೇ ಇಲ್ಲ. ಜೀವ ಕೈಯಲ್ಲಿ ಹಿಡಿದುಕೊಂಡು ಇಳಿಯುತ್ತೇನೆ. ಎರಡೂ ಕಡೆ 17 ಇಂಚಿನ ಅಲಾಯ್ ವೀಲ್, ಮುಂದೆ ಡಿಸ್ಕ್ ಹಾಕಿಕೊಡುತ್ತೇವೆ, ಫೋರ್ಕ್‌ಗೆ (ಮುಂದಿನ ಚಕ್ರ ಹಿಡಿದಿರುವ ಕಾಲುಗಳಿಗೆ) ಒಂದು ಪ್ಲೇಟ್ ವೆಲ್ಡ್ ಮಾಡಿದರೆ ಸಾಕು ಎಂದು ಗ್ಯಾರೇಜಿನವರು ಹೇಳುತ್ತಾರೆ. ಮಾಡಿಸಲಾ?
— ಸಕಲೇಶಪುರದ ಓದುಗರು

ಉತ್ತರ: ವೆಲ್ಡಿಂಗ್ ಮಾತ್ರ ಬೇಡ. ಉಳಿದದ್ದನ್ನು ನಿಧಾನವಾಗಿ ನೋಡೋಣ.

ಇದನ್ನು ಇಷ್ಟು ಖಡಾಖಂಡಿತವಾಗಿ ಹೇಳಲು ಕಾರಣ ಇದೆ. ನನ್ನ ರೋಡ್‌ಕಿಂಗ್‌ಗೂ ಒಮ್ಮೆ ಹೀಗೇ ಮಾಡಿಸಿದ್ದೆ. ಫೋರ್ಕ್‌ನ ಕೆಳಗಿನ ಕಾಲಿಗೆ ಪ್ಲೇಟ್ ವೆಲ್ಡ್ ಮಾಡಿ ಅದಕ್ಕೆ ಕ್ಯಾಲಿಪರ್ (ಡಿಸ್ಕನ್ನು ಅದುಮಿ ಹಿಡಿಯುವ ಭಾಗ) ಕೂರಿಸಿದ್ದರು. ಮೊದಲ ವಾರವೇ ಆ ಕಡೆಯ ಫೋರ್ಕ್ ಕೆಳಗೆ ಹೋದರೆ ಮೇಲೆ ಬರಲು ತಡಮಾಡುತ್ತಿತ್ತು. ವೆಲ್ಡಿಂಗ್ ಕಾವಿಗೆ ಕಾಲು ಸೊಟ್ಟಗಾಗಿತ್ತು. ಎರಡು ತಿಂಗಳಾದ ಮೇಲೆ ಚಾಮುಂಡಿ ಬೆಟ್ಟ ಇಳಿಯುತ್ತಿದ್ದಾಗ ಬ್ರೇಕ್ ಹಿಡಿದರೆ ಟಕ್ ಅಂತ ಸದ್ದು. ಗಾಡಿ ನಿಲ್ಲಿಸಿ ಬಗ್ಗಿ ನೋಡಿದೆ. ವೆಲ್ಡ್ ಅಂಚಿನಲ್ಲಿ ಕೂದಲೆಳೆಯಂಥ ಬಿರುಕು, ಅದರ ಉದ್ದಕ್ಕೂ ತುಕ್ಕಿನ ಗೆರೆ. ಆ ಬಿರುಕು ಅವತ್ತು ಹುಟ್ಟಿದ್ದಲ್ಲ, ಎಷ್ಟೋ ದಿನದಿಂದ ಬೆಳೆಯುತ್ತಿತ್ತು. ಪ್ಲೇಟ್ ಕಿತ್ತುಬಂದಿದ್ದರೆ ಕ್ಯಾಲಿಪರ್ ನೇರ ಚಕ್ರದೊಳಗೆ. ಗಾಡಿಯನ್ನು ಮನೆಗೆ ತಳ್ಳಿಕೊಂಡು ಬಂದೆ.

ಈಗ ನಿಮ್ಮ ಗಾಡಿ. ಡಿಸ್ಕ್ ಯೋಚನೆಗೆ ಮುಂಚೆ ಇರುವ ಡ್ರಮ್ ಬ್ರೇಕ್ ಪೂರ್ತಿ ಕೆಲಸ ಮಾಡುತ್ತಿದೆಯಾ ನೋಡಿ. ಚಕ್ರದ ನಡುವಿನ ಡಬ್ಬಿಯಂಥ ಡ್ರಮ್ಮಿಗೆ ಒಳಗಿನಿಂದ ಎರಡು ಶೂ ಒತ್ತಿ ಗಾಡಿ ನಿಲ್ಲಿಸುತ್ತವೆ. ಶೂ ಮೇಲಿನ ಉಜ್ಜುವ ಪದರವೇ ಲೈನರ್. ನನ್ನ ಹತ್ತಿರ ಬಂದ "ಬ್ರೇಕ್ ಇಲ್ಲದ" ಯೆಜ್ಡಿಗಳಲ್ಲಿ ಮುಕ್ಕಾಲು ಪಾಲು ಗಾಡಿಗಳ ಲೈನರ್ ಡ್ರಮ್ಮಿಗೆ ಅರ್ಧ ಕೂಡ ತಾಗುತ್ತಿರಲಿಲ್ಲ. ಮನೆಯಲ್ಲೇ ಪರೀಕ್ಷೆ ಮಾಡಬಹುದು. ಶೂ ಮೇಲೆ ಸೀಮೆಸುಣ್ಣ ಬಳಿಯಿರಿ. ಚಕ್ರ ಹಾಕಿ, ಬ್ರೇಕನ್ನು ಹಗುರಾಗಿ ಹಿಡಿದು ಎರಡು ಮೂರು ಸುತ್ತು ತಿರುಗಿಸಿ. ಬಿಚ್ಚಿ ನೋಡಿ. ಸುಣ್ಣ ಎಲ್ಲಿ ಅಳಿಸಿದೆಯೋ ಅಲ್ಲಿ ಮಾತ್ರ ಶೂ ತಾಗುತ್ತಿದೆ. ತುದಿಯಲ್ಲಿ ಬೆರಳಗಲ ಅಳಿಸಿ ಉಳಿದದ್ದೆಲ್ಲ ಬೆಳ್ಳಗೇ ಇದ್ದರೆ, ನಿಮ್ಮ ತೊಂದರೆ ಸಿಕ್ಕಿತು. ಡ್ರಮ್ಮಿನೊಳಗಿನ ದೂಳನ್ನು ಮಾತ್ರ ಬಾಯಿಂದ ಊದಬೇಡಿ. ಹಳೇ ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ.

ಡ್ರಮ್ ದುಂಡಗಿಲ್ಲದಿದ್ದರೆ ಲೇತ್‌ನಲ್ಲಿ ಟರ್ನಿಂಗ್ ಮಾಡಿಸಿ, ಅಂದರೆ ಒಳಮೈಯನ್ನು ದುಂಡಗೆ ಕಡೆಸಿ. ಆದರೆ ಸ್ಪೋಕ್ಸ್ ಕಟ್ಟಿ, ಬಿಗಿ ಮಾಡಿದ ಮೇಲೆ. ಇದನ್ನು ಬಹಳ ಜನ ತಪ್ಪು ಮಾಡುತ್ತಾರೆ. ಬರೀ ಹಬ್ (ಡ್ರಮ್ ಇರುವ, ಚಕ್ರದ ನಡುವಿನ ಭಾಗ) ಟರ್ನಿಂಗ್ ಮಾಡಿಸಿ ಆಮೇಲೆ ಸ್ಪೋಕ್ಸ್ ಎಳೆದರೆ ಡ್ರಮ್ ಮತ್ತೆ ಅಂಡಾಕಾರಕ್ಕೆ ಬರುತ್ತದೆ. ಆಮೇಲೆ ಹೊಸ ಲೈನರ್ ಹೊಡೆಸಿ, ಡ್ರಮ್ಮಿನ ಅಳತೆಗೆ ಉಜ್ಜಿಸಿ. ಕೇಬಲ್ ಹೊಸದು ಹಾಕಿ. ಬ್ರೇಕ್ ಪೂರ್ತಿ ಹಿಡಿದಾಗ ಡ್ರಮ್ ಹತ್ತಿರದ ಲಿವರ್ ಮತ್ತು ಕೇಬಲ್ ಹೆಚ್ಚುಕಮ್ಮಿ 90 ಡಿಗ್ರಿಯಲ್ಲಿ ಇರಬೇಕು. ಆ ಕೋನ ದಾಟಿಹೋದರೆ ಎಷ್ಟು ಒತ್ತಿದರೂ ಬಲ ವ್ಯರ್ಥ. ಕೊನೆಗೆ ಆಕ್ಸಲ್ ನಟ್ ಬಿಗಿ ಮಾಡುವಾಗ ಬ್ರೇಕ್ ಲಿವರ್ ಒತ್ತಿ ಹಿಡಿದುಕೊಂಡೇ ಬಿಗಿ ಮಾಡಿ. ಶೂ ತಾನಾಗೇ ನಡುವೆ ಕೂರುತ್ತದೆ.

ಘಾಟಿಯ ವಿಷಯ ಬೇರೆ. ಟೂ ಸ್ಟ್ರೋಕ್ ಗಾಡಿಗೆ ಎಂಜಿನ್ ಬ್ರೇಕಿಂಗ್ (ಆಕ್ಸಲರೇಟರ್ ಬಿಟ್ಟಾಗ ಎಂಜಿನ್ನೇ ಗಾಡಿಯನ್ನು ತಡೆಯುವುದು) ಕಡಿಮೆ, ಭಾರವೆಲ್ಲ ಬ್ರೇಕ್ ಮೇಲೆ. ಡ್ರಮ್ ಕಾದರೆ ಹಿಗ್ಗಿ ಶೂನಿಂದ ದೂರ ಸರಿಯುತ್ತದೆ, ಲಿವರ್ ಹ್ಯಾಂಡಲ್‌ವರೆಗೂ ಬರುತ್ತದೆ. ಇಳಿಜಾರು ಶುರುವಾಗುವ ಮೊದಲೇ ಗೇರ್ ಇಳಿಸಿ. ಆಗಾಗ ಆಕ್ಸಲರೇಟರ್ ಸ್ವಲ್ಪ ಕೊಡುತ್ತಾ ಇರಿ. ಪೆಟ್ರೋಲಿನ ಜೊತೆಗೇ ಆಯಿಲ್ ಹೋಗುವ ಎಂಜಿನ್ ಅದು, ಪೂರ್ತಿ ಮುಚ್ಚಿಕೊಂಡು ಮೈಲಿಗಟ್ಟಲೆ ಇಳಿದರೆ ಪಿಸ್ಟನ್‌ಗೆ ಆಯಿಲ್ ಸಿಗುವುದಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಸಾಲದು ಅನಿಸಿದರೆ ಡಿಸ್ಕ್ ಹಾಕಿಸಿ, ನಾನು ಬೇಡ ಅನ್ನುವುದಿಲ್ಲ. ಯೆಜ್ಡಿಯ ಹಿಂದಿನ ಹೆಸರಿನಲ್ಲೇ 2018ರಲ್ಲಿ ಬಂದ ಹೊಸ ಜಾವಾಕ್ಕೂ ಮುಂದೆ 280 ಮಿ.ಮೀ. ಡಿಸ್ಕೇ ಕೊಟ್ಟರು. ಆದರೆ ಬಿಡಿಬಿಡಿಯಾಗಿ ತಂದು ಜೋಡಿಸಬೇಡಿ. ಒಂದೇ ಗಾಡಿಯ ಮುಂಭಾಗ ಪೂರ್ತಿ ತನ್ನಿ: ಟಿ-ಪ್ಲೇಟ್ (ಎರಡೂ ಫೋರ್ಕನ್ನು ಮೇಲೆ ಸೇರಿಸುವ ಪಟ್ಟಿ), ಎರಡೂ ಫೋರ್ಕ್, ಚಕ್ರ, ಕ್ಯಾಲಿಪರ್, ಮಾಸ್ಟರ್ ಸಿಲಿಂಡರ್ (ಲಿವರ್ ಒತ್ತಿದಾಗ ಬ್ರೇಕ್ ಆಯಿಲನ್ನು ಕ್ಯಾಲಿಪರ್‌ಗೆ ತಳ್ಳುವ ಭಾಗ). ಮಾಸ್ಟರ್ ಸಿಲಿಂಡರ್ ಬೇರೆ ಗಾಡಿಯದಾದರೆ ಲಿವರ್ ಒಂದೋ ಕಲ್ಲಿನಂತೆ ಗಟ್ಟಿ, ಇಲ್ಲವೇ ಸ್ಪಂಜಿನಂತೆ. ಫೋರ್ಕ್ ಉದ್ದ ನಿಮ್ಮ ಹಳೆಯದರಷ್ಟೇ ಇರಲಿ. ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಅಳತೆ ಕೂಡದಿದ್ದರೆ ಬುಷ್ (ನಡುವೆ ಕೂರುವ ಬಳೆ) ಕಡೆಸಿ ಹೊಂದಿಸಲಿ, ಫ್ರೇಮಿನ ಕುತ್ತಿಗೆಯನ್ನು ಯಾರೂ ಮುಟ್ಟಬಾರದು. ಬಿಚ್ಚಿದ ಹಳೇ ಫೋರ್ಕ್, ಹಬ್ ಎಲ್ಲವನ್ನೂ ಆಯಿಲ್ ಸವರಿ, ಗೋಣಿಚೀಲದಲ್ಲಿ ಕಟ್ಟಿಡಿ. ನಿಮ್ಮ ಮಕ್ಕಳು ಮತ್ತೆ ಅಜ್ಜನ ಗಾಡಿ ಮಾಡಬೇಕು ಅಂದರೆ ಒಂದು ಭಾನುವಾರದಲ್ಲಿ ಆಗಿಬಿಡಬೇಕು.

ಅಲಾಯ್ ಮಾತ್ರ ನನಗೆ ಒಪ್ಪಿಗೆ ಇಲ್ಲ. 18 ಇಂಚಿನ ಚಕ್ರದ 3.25-18 ಟೈರಿನ ಎತ್ತರ ಸುಮಾರು 622 ಮಿ.ಮೀ., 17 ಇಂಚಿನ ಅಲಾಯ್‌ಗೆ ಹಾಕುವ 100/90-17ರದ್ದು ಸುಮಾರು 612. ಈ ವ್ಯತ್ಯಾಸ ದೊಡ್ಡದಲ್ಲ, ನಡೆಯುತ್ತದೆ. ನನ್ನ ಸಂಕಟ ಹಿಂದಿನ ಚಕ್ರದ್ದು. ಯೆಜ್ಡಿಯ ಚೈನ್ ಪೂರ್ತಿ ಕವರ್ ಒಳಗೆ ಇರುತ್ತದೆ. ಮಣ್ಣು, ಮಳೆ ತಾಗುವುದಿಲ್ಲ. ಪಂಕ್ಚರ್ ಆದರೆ ಚೈನ್, ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ) ಇದ್ದಲ್ಲೇ ಇರುತ್ತವೆ, ಚಕ್ರ ಒಂದೇ ಈಚೆ ಬರುತ್ತದೆ. ಎಷ್ಟು ಚೆಂದದ ಕೆಲಸ ಅದು! ಬೇರೆ ಗಾಡಿಯ ಅಲಾಯ್ ಹಾಕಿದರೆ ಇದೆಲ್ಲ ಹೋಯಿತು. ಕವರ್ ತೆಗೆಯಬೇಕು, ಚೈನ್ ಲೈನ್ ಒಂದೆರಡು ಮಿ.ಮೀ. ಆಚೀಚೆ ಆದರೂ ಸ್ಪ್ರಾಕೆಟ್ ಹಲ್ಲು ಒಂದು ಕಡೆ ಸವೆಯುತ್ತದೆ. ಸಕಲೇಶಪುರದ ಮಳೆಗೆ ತೆರೆದ ಚೈನ್ ಯಾಕೆ ಬೇಕು ಹೇಳಿ?

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಿಸುವಂತಿಲ್ಲ. ಕೆಲಸ ಶುರುಮಾಡುವ ಮೊದಲೇ ಆರ್‌ಟಿಒ ಕಚೇರಿಯಲ್ಲೂ ವಿಮೆಯವರಲ್ಲೂ ಬರಹದಲ್ಲಿ ಕೇಳಿಕೊಳ್ಳಿ.

ಪ್ರಶ್ನೆ: ನನ್ನದು 1968ರ ಜಾವಾ. ಅದಕ್ಕೂ ಡಿಸ್ಕ್ ಹಾಕಬಹುದಾ?
— ಮೈಸೂರಿನ ಓದುಗರು

ಉತ್ತರ: ದಯವಿಟ್ಟು ಬೇಡ. ನಿಮ್ಮೂರಿನ ಯಾದವಗಿರಿಯಲ್ಲೇ ತಯಾರಾದ ಗಾಡಿ ಅದು. 1961ರಲ್ಲಿ ಶುರುವಾದ ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಂಥ ಇನ್ನೊಂದು ಗಾಡಿ ಹುಟ್ಟುವುದಿಲ್ಲ. 2021ರ ನಿಯಮದಂತೆ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, 'ವಿಎ' ಅಕ್ಷರದ ನಂಬರ್, 10 ವರ್ಷದ ಅವಧಿ. ಆದರೆ ಆಮೇಲೆ ದಿನನಿತ್ಯ ಓಡಿಸುವಂತಿಲ್ಲ, ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಹಾಕಿಸುವುದು ಇಂಥದ್ದಕ್ಕೆ ಮಾತ್ರ. ದಿನಾ ಕೆಲಸಕ್ಕೆ ಅದರಲ್ಲೇ ಹೋಗುವವರಾದರೆ ಈ ನೋಂದಣಿ ಬೇಡ, ಇರುವ ಆರ್‌ಸಿಯನ್ನೇ ನವೀಕರಿಸುತ್ತಾ ಹೋಗಿ. ಬ್ರೇಕಿಗೆ ಮೇಲೆ ಹೇಳಿದ ಸೀಮೆಸುಣ್ಣದ ಪರೀಕ್ಷೆಯೇ ಸಾಕು.

ಪ್ರಶ್ನೆ: ಸ್ಪೋಕ್ಸ್ ರಿಮ್ಮಿಗೆ ಟ್ಯೂಬ್‌ಲೆಸ್ ಟೈರ್ ಹಾಕಬಹುದಾ?
— ದಾವಣಗೆರೆಯ ಓದುಗರು

ಉತ್ತರ: ಟೈರ್ ಹಾಕಬಹುದು, ಒಳಗೆ ಟ್ಯೂಬ್ ಇರಲೇಬೇಕು. ಸ್ಪೋಕ್ಸನ್ನು ರಿಮ್ಮಿಗೆ ಬಿಗಿ ಮಾಡುವ ನಿಪ್ಪಲ್‌ಗಳ ತೂತಿನಿಂದ ಗಾಳಿ ಹೊರಗೆ ಹೋಗುತ್ತದೆ. ರಿಮ್ ಟೇಪ್ ಹೊಸದು ಹಾಕಿಸಿ, ನಿಪ್ಪಲ್ ತುದಿ ಒಳಗೆ ಚುಚ್ಚುವಂತಿದ್ದರೆ ಅರ ಹಾಕಿ ಸಮ ಮಾಡಿಸಿ. ಎಷ್ಟೋ ಪಂಕ್ಚರ್‌ಗಳು ಮೊಳೆಯಿಂದಲ್ಲ, ಈ ನಿಪ್ಪಲ್‌ನಿಂದಲೇ ಆಗುತ್ತವೆ.