ರಾಷ್ಟ್ರಗೀತೆಯ ಹೊಸ ಧ್ವನಿಮುದ್ರಣ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಎ.ಆರ್. ರೆಹಮಾನ್ ಅವರು ಹಲವು ಹಿರಿಯ ಕಲಾವಿದರನ್ನು ಸೇರಿಸಿ ಸಿದ್ಧಪಡಿಸಿದ ‘ಜನ ಗಣ ಮನ’ವನ್ನು ಕೇಳಿ, ನಮ್ಮ ಊರಿನ ಕಲಾವಿದರೂ ಅಂಥದೊಂದು ಧ್ವನಿಮುದ್ರಣ ಮಾಡಬೇಕೆಂದುಕೊಂಡಿದ್ದೇವೆ. ನಮ್ಮಲ್ಲಿ ಹಿಂದೂಸ್ತಾನಿ ಗಾಯಕರು, ಕರ್ನಾಟಕ ಸಂಗೀತದ ಗಾಯಕಿಯರು, ಕೊಳಲು, ಸ್ಯಾಕ್ಸೋಫೋನ್, ಗಿಟಾರ್ ನುಡಿಸುವವರು ಇದ್ದಾರೆ. ಎಲ್ಲರ ಶ್ರುತಿಯೂ ಬೇರೆ ಬೇರೆ. ಧಾಟಿಯಲ್ಲಿ ಎಷ್ಟು ಸ್ವಾತಂತ್ರ್ಯ ತೆಗೆದುಕೊಳ್ಳಬಹುದು? 52 ಸೆಕೆಂಡುಗಳ ನಿಯಮ ಮೀರಿದರೆ ತಪ್ಪಾಗುತ್ತದೆಯೇ?
– ಸಂಗೀತ ಶಿಕ್ಷಕಿಯೊಬ್ಬರು, ಧಾರವಾಡ

ಉತ್ತರ: ಗಣರಾಜ್ಯಕ್ಕೆ ಐವತ್ತು ವರ್ಷ ತುಂಬಿದ ಸಂದರ್ಭದಲ್ಲಿ, 2000ದ ಜನವರಿಯಲ್ಲಿ ಬಿಡುಗಡೆಯಾದ ಆ ಮುದ್ರಣದಲ್ಲಿ ಡಿ.ಕೆ. ಪಟ್ಟಮ್ಮಾಳ್, ಭೀಮಸೇನ ಜೋಶಿ, ಲತಾ ಮಂಗೇಶ್ಕರ್, ಬಾಲಮುರಳಿಕೃಷ್ಣ, ಜಸರಾಜ್ ಮೊದಲಾದವರು ಹಾಡಿದ್ದಾರೆ. ಹರಿಪ್ರಸಾದ್ ಚೌರಾಸಿಯಾ ಅವರ ಕೊಳಲು, ಶಿವಕುಮಾರ ಶರ್ಮಾ ಅವರ ಸಂತೂರ್, ನಮ್ಮವರೇ ಆದ ಕದ್ರಿ ಗೋಪಾಲನಾಥ್ ಅವರ ಸ್ಯಾಕ್ಸೋಫೋನ್ ಅದರಲ್ಲಿ ಕೇಳಸಿಗುತ್ತವೆ. ಒಂದು ರಾಗವನ್ನು ಗಂಟೆಗಟ್ಟಲೆ ವಿಸ್ತರಿಸಬಲ್ಲ ಇಂಥವರು ಇಲ್ಲಿ ಕೆಲವೇ ಸ್ವರಗಳಿಗೆ ತಮ್ಮನ್ನು ಒಪ್ಪಿಸಿಕೊಂಡಿದ್ದಾರೆ. ಆದರೂ ಒಂದು ಸಾಲು ಕೇಳಿದೊಡನೆ ಇದು ಯಾರ ದನಿ ಎಂದು ಗುರುತು ಸಿಗುತ್ತದೆ. ನಿಮ್ಮ ಬಳಗವೂ ಈ ಸಂಯಮವನ್ನೇ ಮೊದಲು ಅಭ್ಯಾಸ ಮಾಡಬೇಕೆಂಬುದು ನನ್ನ ಒತ್ತಾಯ.

ಈ ಗೀತೆಗೆ ಹೊಸ ವಾದ್ಯಗಳನ್ನು ಒಗ್ಗಿಸುವುದು ಇಂದಿನ ಪ್ರಯೋಗವೇನಲ್ಲ. 1911ರ ಡಿಸೆಂಬರ್ 27ರಂದು ಕಲ್ಕತ್ತೆಯ ಕಾಂಗ್ರೆಸ್ ಅಧಿವೇಶನದಲ್ಲಿ ಮೊದಲು ಹಾಡಲಾದ ಇದಕ್ಕೆ, 1919ರಲ್ಲಿ ರವೀಂದ್ರನಾಥ ಠಾಕೂರರು ಆಂಧ್ರದ ಮದನಪಲ್ಲಿಯಲ್ಲಿ ತಂಗಿದ್ದಾಗ ಐರಿಷ್ ಸಂಗೀತಜ್ಞೆ ಮಾರ್ಗರೆಟ್ ಕಸಿನ್ಸ್ ಅವರು ಪಾಶ್ಚಾತ್ಯ ಸ್ವರಲಿಪಿ ಬರೆದರು. 1942ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ವಾದ್ಯವೃಂದವೊಂದು ಇದನ್ನು ನುಡಿಸಿತು. 1950ರ ಜನವರಿ 24ರಂದು ಇದು ರಾಷ್ಟ್ರಗೀತೆಯಾಗುವ ಹೊತ್ತಿಗೆ ಬಗೆಬಗೆಯ ವಾದ್ಯಗಳ ನಾದ ಇದಕ್ಕೆ ಆಗಲೇ ಒಗ್ಗಿತ್ತು. ಆದ್ದರಿಂದ ಗಿಟಾರ್ ಸೇರಿಸಲು ಹಿಂಜರಿಯಬೇಡಿ. ಬದಲಾಗಬಾರದ್ದು ಸಾಹಿತ್ಯ, ಸಾಲುಗಳ ಕ್ರಮ ಮತ್ತು ಮೂಲ ಧಾಟಿ.

ಈಗ ಶ್ರುತಿಯ ವಿಚಾರಕ್ಕೆ ಬರೋಣ, ಏಕೆಂದರೆ ಇಂಥ ಬಳಗಗಳು ಎಡವುವುದೇ ಇಲ್ಲಿ. ಈ ಗೀತೆಯ ಸಂಚಾರ ಮಂದ್ರ ನಿಷಾದದಿಂದ (ಕೆಳಗಿನ ಸ್ಥಾಯಿಯ ‘ನಿ’) ತಾರ ಷಡ್ಜದವರೆಗೆ (ಮೇಲಿನ ಸ್ಥಾಯಿಯ ‘ಸ’) ಮಾತ್ರ. ‘ಭಾಗ್ಯವಿಧಾತಾ’ ಎಂಬಲ್ಲಿ ಕೆಳಗಿನ ನಿಷಾದವನ್ನು ಮುಟ್ಟುತ್ತದೆ, ಕೊನೆಯ ‘ಜಯ ಹೇ’ಗಳಲ್ಲಿ ಮೇಲಿನ ಷಡ್ಜಕ್ಕೆ ಏರುತ್ತದೆ. ಒಂದು ಮನೆ ಶ್ರುತಿಯನ್ನು, ಅಂದರೆ ಹಾರ್ಮೋನಿಯಂನ ಬಿಳಿ ಒಂದನ್ನು ಆಧಾರವಾಗಿಟ್ಟುಕೊಂಡರೆ ಗಂಡುದನಿಗೆ ತೊಂದರೆಯಿಲ್ಲ. ಐದು ಮನೆಗೆ, ಅಂದರೆ ಬಿಳಿ ಐದಕ್ಕೆ ಹಾಡುವ ಗಾಯಕಿಯರು ತಮ್ಮ ಮಧ್ಯಮವನ್ನೇ (‘ಮ’ ಸ್ವರವನ್ನೇ) ಷಡ್ಜ ಮಾಡಿಕೊಳ್ಳಬೇಕು. ಮಧ್ಯಮ ಶ್ರುತಿಯಲ್ಲಿ ಹಾಡುವ ರೂಢಿ ಕರ್ನಾಟಕ ಸಂಗೀತದವರಿಗೆ ಇದ್ದೇ ಇರುವುದರಿಂದ ಇದು ಅವರಿಗೆ ಹೊಸದೇನಲ್ಲ, ಮೇಲೆ ಅವರ ತಾರ ಮಧ್ಯಮಕ್ಕಿಂತ ಆಚೆ ಹೋಗಬೇಕಾಗುವುದೂ ಇಲ್ಲ. ಕೊಳಲಿನವರು ಶ್ರುತಿಗೆ ತಕ್ಕ ಕೊಳಲನ್ನು ಆರಿಸಿಕೊಳ್ಳಲಿ. ಒಬ್ಬೊಬ್ಬರಿಗೂ ಅವರವರ ಶ್ರುತಿಯಲ್ಲಿ ಹಾಡಿಸಿ, ಆಮೇಲೆ ಕಂಪ್ಯೂಟರಿನಲ್ಲಿ ಏರಿಸಿ ಇಳಿಸಿ ಹೊಂದಿಸುತ್ತೇವೆಂದು ಸ್ಟುಡಿಯೋದವರು ಹೇಳಿದರೆ ದಯವಿಟ್ಟು ಒಪ್ಪಬೇಡಿ. ದನಿಯ ಸಹಜತೆಯೇ ಹೋದ ಮೇಲೆ ಇಷ್ಟು ಜನರನ್ನು ಕೂಡಿಸಿದ ಉದ್ದೇಶವೇ ಉಳಿಯುವುದಿಲ್ಲ.

ಧಾಟಿಯಲ್ಲಿ ಒಂದು ಸೂಕ್ಷ್ಮವನ್ನು ವಿಶೇಷವಾಗಿ ಗಮನಿಸಬೇಕು. ಗೀತೆ ಬಹುಮಟ್ಟಿಗೆ ಶುದ್ಧ ಸ್ವರಗಳಲ್ಲೇ ನಡೆಯುತ್ತದೆ. ಹಿಂದೂಸ್ತಾನಿಯ ಬಿಲಾವಲ್ ಅಥವಾ ನಮ್ಮ ಶಂಕರಾಭರಣ ರಾಗ ಬಲ್ಲವರಿಗೆ ಅದು ಪರಿಚಿತ ದಾರಿ. ಆದರೆ ‘ಗುಜರಾತ ಮರಾಠಾ’ ಎಂಬಲ್ಲಿ ಪಂಚಮದಿಂದ ಇಳಿದು ಧೈವತಕ್ಕೆ ಹಾರುವಾಗ ಬರುವುದು ತೀವ್ರ ಮಧ್ಯಮ, ಅಂದರೆ ಪ್ರತಿಮಧ್ಯಮ (ತುಸು ಮೇಲೇರಿದ ‘ಮ’). ಶಂಕರಾಭರಣದ ಅಭ್ಯಾಸಬಲದಿಂದ ಅಲ್ಲಿ ಶುದ್ಧ ಮಧ್ಯಮ ಹಿಡಿಯುವವರು ಬಹಳ. ಒಬ್ಬರು ಅದನ್ನು, ಇನ್ನೊಬ್ಬರು ಇದನ್ನು ಹಿಡಿದರೆ ಇಡೀ ಸಾಲು ಅಪಸ್ವರವಾಗುತ್ತದೆ. ತಾಲೀಮಿನ ಮೊದಲ ದಿನವೇ ಎಲ್ಲರೂ ಆ ಸಾಲನ್ನು ಜೊತೆಗೆ ಹಾಡಿ ಸರಿಪಡಿಸಿಕೊಳ್ಳಿ.

ಪೂರ್ಣ ರೂಪಕ್ಕೆ ಸುಮಾರು 52 ಸೆಕೆಂಡು ಎಂಬುದು ಕೇಂದ್ರ ಗೃಹ ಸಚಿವಾಲಯದ ಸೂಚನೆಗಳಲ್ಲಿದೆ. 1971ರ ರಾಷ್ಟ್ರ ಗೌರವ ಕಾಯ್ದೆ ಶಿಕ್ಷಾರ್ಹವೆನ್ನುವುದು ರಾಷ್ಟ್ರಗೀತೆ ಹಾಡುವುದನ್ನು ಉದ್ದೇಶಪೂರ್ವಕವಾಗಿ ತಡೆಯುವುದನ್ನು ಮತ್ತು ಹಾಡುತ್ತಿರುವ ಸಭೆಗೆ ಅಡ್ಡಿಪಡಿಸುವುದನ್ನು. ಕೆಲವು ಸೆಕೆಂಡು ಹೆಚ್ಚಾಗುವ ಪ್ರಸ್ತಾಪ ಅದರಲ್ಲಿಲ್ಲ. ಹಾಗೆಂದು ಕಾಲಮಿತಿಯನ್ನು ಕಡೆಗಣಿಸಬೇಡಿ. ಶಾಲೆಯ ಅಂಗಳದಲ್ಲಿ ಮಕ್ಕಳು ಜೊತೆಗೂಡಿ ಹಾಡಲೆಂದು ಮಾಡುವ ಮುದ್ರಣವೇ ಬೇರೆ, ಕುಳಿತು ಕೇಳಲೆಂದು ಮಾಡುವುದೇ ಬೇರೆ. ಮೊದಲನೆಯದರಲ್ಲಿ ಗಮಕ, ಆಲಾಪ, ಪೀಠಿಕೆಯ ವಾದ್ಯಗಳು ಯಾವುದೂ ಬೇಡ, 52 ಸೆಕೆಂಡಿಗೆ ಲಯ ಗೊತ್ತುಮಾಡಿ ಕ್ಲಿಕ್ (ಲಯ ತೋರಿಸುವ ಟಕ್‌ಟಕ್ ಸದ್ದು) ಕೇಳುತ್ತಾ ಎಲ್ಲರೂ ಹಾಡಲಿ. ಎರಡನೆಯದರಲ್ಲಿ ಸ್ವಲ್ಪ ನಿಧಾನಿಸಿ ದನಿಗಳಿಗೆ ಉಸಿರಾಡಲು ಎಡೆ ಕೊಡಬಹುದು. ಅದನ್ನು ಧ್ವಜಾರೋಹಣಕ್ಕೆ ಮಾತ್ರ ಬಳಸದಿರಿ.

ಪ್ರಶ್ನೆ: ಇಂಥ ಮುದ್ರಣಕ್ಕೆ ಯಾರ ಅನುಮತಿ ಬೇಕು? ಅಂತರ್ಜಾಲದಲ್ಲಿ ಸಿಗುವ ಹಿನ್ನೆಲೆ ಸಂಗೀತ ಬಳಸಬಹುದೇ?
– ಓದುಗರೊಬ್ಬರು, ಮಂಗಳೂರು

ಉತ್ತರ: ಠಾಕೂರರು ತೀರಿಕೊಂಡದ್ದು 1941ರಲ್ಲಿ. ಅವರ ಕೃತಿಗಳ ಮೇಲೆ, ಅವರೇ ಕಟ್ಟಿದ ವಿಶ್ವಭಾರತಿ ವಿದ್ಯಾಸಂಸ್ಥೆಗಿದ್ದ ಹಕ್ಕುಸ್ವಾಮ್ಯ 2001ರ ಕೊನೆಗೆ ಮುಗಿದಿದೆ. ಆದರೆ ಬೇರೆಯವರ ಧ್ವನಿಮುದ್ರಣಕ್ಕೆ ಪ್ರಕಟಣೆಯಿಂದ 60 ವರ್ಷಗಳ ಪ್ರತ್ಯೇಕ ರಕ್ಷಣೆಯಿದೆ. ಆದ್ದರಿಂದ ಅಂತರ್ಜಾಲದ ಹಿನ್ನೆಲೆ ಸಂಗೀತವನ್ನು ಒಪ್ಪಿಗೆಯಿಲ್ಲದೆ ಬಳಸಲಾಗದು. ನಿಮ್ಮ ಬಳಗದ ಪ್ರತಿಯೊಬ್ಬ ಕಲಾವಿದರಿಂದಲೂ, ತಬಲಾ ಸಾಥ್ ಕೊಟ್ಟವರಿಂದಲೂ, ಲಿಖಿತ ಒಪ್ಪಿಗೆ ಪಡೆದು ಎಲ್ಲರ ಹೆಸರನ್ನೂ ಒಂದೇ ಗಾತ್ರದ ಅಕ್ಷರಗಳಲ್ಲಿ ಹಾಕಿ. ರಾಷ್ಟ್ರಗೀತೆಯನ್ನು ವಾಣಿಜ್ಯ ಲಾಭಕ್ಕೆ ಬಳಸಬಾರದೆಂದು ಸುಪ್ರೀಂ ಕೋರ್ಟ್ 2016ರ ಮಧ್ಯಂತರ ಆದೇಶದಲ್ಲಿ ಹೇಳಿತ್ತು. ಪ್ರಾಯೋಜಕರು ಸಿಕ್ಕರೂ ಅವರ ಜಾಹೀರಾತನ್ನು ಗೀತೆಯ ಹಿಂದೆ ಮುಂದೆ ಅಂಟಿಸಲು ಬಿಡಬೇಡಿ; ಖರ್ಚಿನ ನೆರವನ್ನಷ್ಟೇ ಕೇಳಿ.